ದವಡೆ ಕಟ್ಟಿದ ಮೇಲೆ ಊಟದ ಪ್ರಶ್ನೆ

1965ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್, ಕೃತಕ ಹಲ್ಲಿಗೆ ಬೇರಿನಂತೆ ಎಲುಬಿನಲ್ಲಿ ನಿಲ್ಲುವ ಟೈಟಾನಿಯಂ ಇಂಪ್ಲಾಂಟ್‌ಗಳನ್ನು ಮೊದಲು ಕೂರಿಸಿದ್ದು ಗೋಸ್ತಾ ಲಾರ್ಸನ್ ಎಂಬವರ ಕೆಳದವಡೆಗೆ. ಹುಟ್ಟಿನಿಂದಲೇ ಅವರಿಗೆ ಸೀಳು ಅಂಗುಳ, ದವಡೆಯ ವಿರೂಪ. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಇಂಪ್ಲಾಂಟ್‌ಗಳು ಕೆಲಸ ಮಾಡಿದವು. ಅಗಿಯಲಾಗದ ಬಾಯಿಗೆಂದು ಶುರುವಾದ ಈ ಚಿಕಿತ್ಸೆ ಇವತ್ತು ಒಂದು ಹಲ್ಲು ಬಿದ್ದವರಿಗೆ ಸುಲಭವಾಗಿ ಸಿಗುತ್ತದೆ. ದವಡೆಯನ್ನೇ ಕಳೆದುಕೊಂಡವರ ಪಾಲಿಗೆ ಮಾತ್ರ ಅದು 'ಮುಂದೆ ನೋಡೋಣ' ಎನ್ನುವ ಮಾತಾಗಿ ಉಳಿದಿದೆ. ಈ ಕ್ರಮ ತಲೆಕೆಳಗಾಗಿದೆ ಎಂದೇ ನನ್ನ ತಕರಾರು.

ಹೊಗೆಸೊಪ್ಪು, ಗುಟ್ಕಾಗಳಿಂದ ಕೆನ್ನೆಗೋ ವಸಡಿಗೋ ಕ್ಯಾನ್ಸರ್ ಬಂದು ದವಡೆಗೆ ಹಬ್ಬಿದರೆ ಆ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಆ ಜಾಗಕ್ಕೆ ಕಾಲಿನ ಫಿಬುಲಾ ಎಲುಬನ್ನು ರಕ್ತನಾಳಗಳ ಸಮೇತ ತಂದು ಜೋಡಿಸುವ ವಿಧಾನವನ್ನು ಅಮೆರಿಕದ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ಮುಖದ ಆಕಾರ ಉಳಿಸುವಲ್ಲಿ ಅದರ ಸಾಧನೆ ದೊಡ್ಡದು. ಆದರೆ ಹೀಗೆ ಕಟ್ಟಿದ ದವಡೆಯ ಮೇಲೆ ತೆಗೆದು ಹಾಕುವ ಹಲ್ಲುಸೆಟ್ಟು ನಿಲ್ಲುವುದು ಕಷ್ಟ. ಅದಕ್ಕೆ ಆಸರೆಯಾಗುವ ವಸಡಿನ ದಿಬ್ಬವಿಲ್ಲ, ಕೆನ್ನೆಯ ಒಳಗಿನ ತಗ್ಗಿಲ್ಲ; ಕಾಲಿನಿಂದ ಬಂದ ಚರ್ಮ ಅಡಿಯಲ್ಲಿ ಸರಿದಾಡುತ್ತದೆ. ಹಲ್ಲು ಎಲುಬಿಗೇ ಕಚ್ಚಿಕೊಂಡಿರಬೇಕಾದದ್ದು ಇದಕ್ಕಾಗಿ. ಇನ್ನೊಂದು ತೊಡಕೂ ಇದೆ. ಫಿಬುಲಾದ ಎತ್ತರ ಸಹಜ ದವಡೆಯ ಅರ್ಧದಷ್ಟು. ಗಲ್ಲದ ಅಂಚು ಚೆನ್ನಾಗಿ ಕಾಣಲೆಂದು ಅದನ್ನು ಕೆಳಗೆ ಕೂರಿಸಿದರೆ ಮೇಲಿನ ಹಲ್ಲನ್ನು ಮುಟ್ಟಲು ಕೃತಕ ಹಲ್ಲು ತೀರಾ ಉದ್ದವಾಗಬೇಕು, ಅಗಿಯುವಾಗ ಇಂಪ್ಲಾಂಟ್ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ. ಹಲ್ಲು ಎಲ್ಲಿ ಬರಬೇಕೆಂದು ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕಂತೆ ಎಲುಬು ಜೋಡಿಸಬೇಕೇ ಹೊರತು, ಎಲುಬು ಕೂತಾದ ಮೇಲೆ ಹಲ್ಲಿನ ಯೋಚನೆ ಮಾಡುವುದಲ್ಲ.

ಕ್ಯಾನ್ಸರ್ ಮರುಕಳಿಸಬಹುದು, ರೇಡಿಯೇಶನ್ ಆದ ಎಲುಬು ಸಾಯಬಹುದು, ಆದ್ದರಿಂದ ಕಾಯುವುದೇ ಕ್ಷೇಮ ಎನ್ನುವವರಿದ್ದಾರೆ. ಆ ಭಯಕ್ಕೆ ಕಾರಣವಿದೆ. ಆದರೆ ರೇಡಿಯೇಶನ್ ಪಡೆದ ಎಲುಬನ್ನು ಆಮೇಲೆ ಕೊರೆಯುವುದರಲ್ಲೇ ಅಪಾಯ ಹೆಚ್ಚು. ಆಯ್ದ ರೋಗಿಗಳಿಗೆ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಇಂಪ್ಲಾಂಟ್ ಕೂರಿಸಿದರೆ ರೇಡಿಯೇಶನ್‌ಗೆ ಮುಂಚೆ ಎಲುಬು ಮಾಯಲು ಕೆಲವು ವಾರ ಸಿಗುತ್ತವೆ. ಖರ್ಚಿನ ಮಾತು ಇನ್ನೂ ಭಾರವಾದದ್ದು. ಹಾಗೆಂದು ಅಗಿಯುವ ಶಕ್ತಿಯನ್ನು ಸೌಂದರ್ಯದ ಬಾಬ್ತಿಗೆ ಸೇರಿಸಿ ಕೈಬಿಡುವುದನ್ನು ನಾನು ಒಪ್ಪಲಾರೆ. ನನ್ನ ವಾದವನ್ನು ನಿಜವಾಗಿ ಅಲುಗಿಸುವ ಆಕ್ಷೇಪ ಬೇರೆಯೇ: ನಾಲಿಗೆಯ ಭಾಗ ಹೋಗಿ, ತುಟಿ ಮರಗಟ್ಟಿ, ಬಾಯಿ ಎರಡು ಬೆರಳಗಲವೂ ತೆರೆಯದಿದ್ದರೆ ಎಷ್ಟು ಗಟ್ಟಿ ಹಲ್ಲಿದ್ದರೂ ತುತ್ತು ಹೊರಳುವುದಿಲ್ಲ. ಇದು ನಿಜ. ಅದಕ್ಕೇ ನೂರಕ್ಕೆ ಎಷ್ಟು ಇಂಪ್ಲಾಂಟ್ ಉಳಿದವು ಎಂಬ ಅಳತೆ ನನಗೆ ಸಾಲದು. ಎಲುಬಿನಲ್ಲಿ ಭದ್ರವಾಗಿ ಕೂತೂ ಮೇಲೆ ಹಲ್ಲು ಕಾಣದ ಇಂಪ್ಲಾಂಟ್ ಕೂಡ ಆ ಲೆಕ್ಕದಲ್ಲಿ ಗೆದ್ದಂತೆಯೇ. ವರ್ಷದ ತಪಾಸಣೆಯಲ್ಲಿ ಎಕ್ಸ್‌ರೇ ಜೊತೆಗೆ ಬಾಯಿ ಎಷ್ಟು ತೆರೆಯುತ್ತದೆ, ರೋಗಿ ಚಪಾತಿ ತಿನ್ನುತ್ತಾರೋ ಗಂಜಿಯಲ್ಲೇ ಇದ್ದಾರೋ ಎಂಬುದೂ ದಾಖಲಾಗಬೇಕು. ಕೃತಕ ಹಲ್ಲು ಕಟ್ಟುವ ತಜ್ಞರೂ ಬಾಯಿಯ ವ್ಯಾಯಾಮ ಕಲಿಸುವವರೂ ದವಡೆ ಕತ್ತರಿಸುವ ಮೊದಲೇ ಆ ರೋಗಿಯನ್ನು ನೋಡಿರಬೇಕು.