ಕೇಳದೆ ತಿದ್ದುವ ಎಕ್ಸೆಲ್

ಎಕ್ಸೆಲ್‌ನ ಹೊಸ ಹಾಳೆಯಲ್ಲಿ ಜಮೀನಿನ ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹನ್ನೆರಡನೇ ಸರ್ವೆ ನಂಬರಿನ ಮೂರನೇ ಹಿಸ್ಸಾ ಕಣ್ಣೆದುರೇ ಮಾರ್ಚ್ 12 ಆಗಿಬಿಡುತ್ತದೆ (ಕಂಪ್ಯೂಟರಿನಲ್ಲಿ ಅಮೆರಿಕದ ಕ್ರಮವಿದ್ದರೆ ಡಿಸೆಂಬರ್ 3). ಕೆಳಗಿನ ಸಾಲಿನ 45/2 ಮಾತ್ರ ಹಾಗೇ ಉಳಿಯುತ್ತದೆ. 45ನೇ ತಾರೀಖು ಯಾವ ತಿಂಗಳಲ್ಲೂ ಇಲ್ಲವಲ್ಲ! ಒಂದೇ ಕಾಲಮ್ಮಿನಲ್ಲಿ ಅರ್ಧ ಜಮೀನು, ಅರ್ಧ ಕ್ಯಾಲೆಂಡರ್.

ತಪ್ಪು ಊಹೆಯನ್ನು ಕ್ಷಮಿಸಬಹುದು. ಅಂಗಡಿ ಲೆಕ್ಕ ಬರೆಯುವವರಿಗೆ 12/3 ಎಂದರೆ ತಾರೀಖೇ. ನನ್ನ ತಕರಾರು ಆಮೇಲಿನದ್ದು. ತಡವಾಗಿ ಗಮನಿಸಿ ಆ ಸೆಲ್ಲನ್ನು ಟೆಕ್ಸ್ಟ್ ಎಂದು ಬದಲಿಸಿದರೂ 12/3 ಮರಳುವುದಿಲ್ಲ. 2024ರಲ್ಲಿ ಟೈಪ್ ಮಾಡಿದ್ದಾದರೆ 45363 ಎಂಬ ಸಂಖ್ಯೆ ಬಂದು ಕೂರುತ್ತದೆ. ಎಕ್ಸೆಲ್ ತಾರೀಖನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ನೀವು ಬರೆದದ್ದನ್ನು ಇಟ್ಟುಕೊಂಡಿರುವುದೇ ಇಲ್ಲ. ಬೆಂಗಳೂರಿನ ಎಸ್‌ಟಿಡಿ ಕೋಡ್ 080ರ ಮೊದಲ ಸೊನ್ನೆಗೂ, 16 ಅಂಕಿಯ ಕಾರ್ಡ್ ನಂಬರಿನ ಕೊನೆಯ ಅಂಕಿಗೂ ಇದೇ ಗತಿ.

ವಿಜ್ಞಾನಿಗಳೂ ಇದಕ್ಕೆ ಸಿಕ್ಕಿಬಿದ್ದರು. ಮನುಷ್ಯರ ಜೀನುಗಳಲ್ಲಿ ಮಾರ್ಚ್1, ಸೆಪ್ಟ್2 ಎಂಬ ಹೆಸರಿನವಿದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡಿತು. 2004ರಲ್ಲೇ ಸಂಶೋಧಕರು ಪ್ರಬಂಧ ಬರೆದು ಎಚ್ಚರಿಸಿದ್ದರು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು, ಅವುಗಳನ್ನು ಮಾರ್ಚ್‌ಎಫ್1, ಸೆಪ್ಟಿನ್2 ಎಂದು ಬದಲಿಸಿತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಮೈಕ್ರೋಸಾಫ್ಟ್ ಈ ತಿದ್ದುವಿಕೆಯನ್ನು ನಿಲ್ಲಿಸುವ ಆಯ್ಕೆ ಕೊಟ್ಟದ್ದು 2023ರಲ್ಲಿ. ಅದೂ ಅರೆಮನಸ್ಸಿನದು. ತಿದ್ದುವಿಕೆ ಮೊದಲಿನಂತೆ ಆನ್ ಆಗಿಯೇ ಬರುತ್ತದೆ; ಬೇಡದವರು ಸೆಟ್ಟಿಂಗಿನೊಳಗೆ ಹುಡುಕಿಕೊಂಡು ಹೋಗಿ ಆಫ್ ಮಾಡಬೇಕು. ಅಕ್ಷರಕ್ಕೆ ಅಂಟಿಕೊಂಡ ಅಂಕಿ, ಮುಂದಿನ ಸೊನ್ನೆ, ಉದ್ದನೆಯ ಸಂಖ್ಯೆ ಇವಕ್ಕೆ ಅಲ್ಲಿ ಜಾಗವಿದೆ. ನಮ್ಮ 12/3ಕ್ಕೆ ಇಲ್ಲ.

ಆದ್ದರಿಂದ ಸರ್ವೆ ನಂಬರ್, ಮನೆ ನಂಬರ್ ತುಂಬಿಸುವವರು ಮೊದಲು ಇಡೀ ಕಾಲಮ್ಮನ್ನು ಟೆಕ್ಸ್ಟ್ ಮಾಡಿಕೊಳ್ಳಿ, ಆಮೇಲೆ ಟೈಪ್ ಮಾಡಿ. ಬೇರೆಯವರು ಕಳಿಸಿದ ಸಿಎಸ್‌ವಿ ಫೈಲನ್ನಂತೂ ಡಬಲ್ ಕ್ಲಿಕ್ ಮಾಡಿ ತೆರೆದು ಸೇವ್ ಮಾಡಲೇಬೇಡಿ; ತೆರೆಯುವಾಗಲೇ ಎಕ್ಸೆಲ್ ಅದನ್ನೂ ಹೀಗೇ ತಿದ್ದಿರುತ್ತದೆ.