ಆಯುಧಪೂಜೆಯಲ್ಲಿ ಕೈಗೆಲ್ಲಿ ಜಾಗ?

ಮಹಾನವಮಿಯ ಬೆಳಿಗ್ಗೆ ಗ್ಯಾರೇಜಿನ ಹುಡುಗರು ಸ್ಪ್ಯಾನರುಗಳ ಜಿಡ್ಡು ತೊಳೆದು, ಒರೆಸಿ, ಸಾಲಾಗಿ ಜೋಡಿಸಿ ಅರಿಸಿನ ಕುಂಕುಮ ಹಚ್ಚುತ್ತಾರೆ. ದರ್ಜಿಯ ಯಂತ್ರಕ್ಕೆ ಎಣ್ಣೆ ಬೀಳುತ್ತದೆ, ಬಡಗಿಯ ಉಳಿ ಹರಿತವಾಗುತ್ತದೆ. ಪೂಜೆಗಿಟ್ಟ ಕುಡುಗೋಲನ್ನು ಅಂದು ಯಾರೂ ಮುಟ್ಟುವುದಿಲ್ಲ, ದುಡಿದ ಕಬ್ಬಿಣಕ್ಕೂ ಒಂದು ದಿನ ರಜೆ. ಪುರೋಹಿತರಿಗೆ ಕಾಯದೆ ದುಡಿಯುವವನೇ ಅರ್ಚಕನಾಗುವ ಈ ಪೂಜೆಯಲ್ಲಿ ಆರಾಧನೆಯೂ ಆರೈಕೆಯೂ ಒಂದೇ. ಆಯುಧಪೂಜೆಯ ಅತ್ಯುತ್ತಮ ರೂಪ ಇದೇ ಎಂದು ನಾನು ನಂಬಿದ್ದೇನೆ. ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿಗೆ, ಆನೆ ಕುದುರೆಗಳಿಗೆ ನಡೆಯುವ ಪೂಜೆಗೆ ಅದರದೇ ವೈಭವವಿದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದಾಗಿನಿಂದ ಅದು ರಾಜಬಲದ ಹಬ್ಬ. ಬೀದಿಯದು ದುಡಿಮೆಯ ಹಬ್ಬ.

ನನ್ನ ತಕರಾರು ಶುರುವಾಗುವುದು ಕಚೇರಿಗಳಲ್ಲಿ. ಕಂಪ್ಯೂಟರಿಗೆ ಹಾರ, ಬೀರುವಿಗೆ ವಿಭೂತಿಪಟ್ಟೆ, ಎಲ್ಲರಿಗೂ ಕಡಲೆಪುರಿ, ಸಿಹಿ. ಅದೇ ಬೀರುವಿನೊಳಗೆ ಯಾರದೋ ವಿಧವಾ ಪಿಂಚಣಿಯ ಕಡತ ತಿಂಗಳುಗಟ್ಟಲೆ ಮಲಗಿರುತ್ತದೆ. ಕೆಂಗಲ್ ಹನುಮಂತಯ್ಯನವರ ಕನಸಿನ ವಿಧಾನಸೌಧದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ಆ ಮಾತನ್ನು ನಂಬುವುದಾದರೆ ಕಡತ ತೆರೆದು ಸಹಿ ಹಾಕುವುದೇ ಪೂಜೆ. ಹಾರ ಆಮೇಲೆ.

ಈ ವಿಷಯವನ್ನು ಹನ್ನೆರಡನೆಯ ಶತಮಾನದ ಶರಣರು ನಮಗಿಂತ ನಿಷ್ಠುರವಾಗಿ ಯೋಚಿಸಿದ್ದರು. ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಕಥೆ ಶೂನ್ಯಸಂಪಾದನೆಯಲ್ಲಿದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿದ್ದರೂ ಚಂದಯ್ಯ ಕಾಯಕ ಬಿಟ್ಟು ಅದರ ಹಿಂದೆ ಹೋಗಲಿಲ್ಲ. ಲಿಂಗವೇ ಅವನನ್ನು ಹಿಂಬಾಲಿಸಿ ಬಂತು. ಇಷ್ಟಲಿಂಗವನ್ನೇ ಪ್ರಾಣವೆಂದು ನಂಬಿದ ಸಮುದಾಯ ಇಂಥ ಕಥೆಯನ್ನು ಜೋಪಾನ ಮಾಡಿಕೊಂಡು ಬಂದಿದೆ ಎಂಬುದೇ ನನಗೆ ದೊಡ್ಡದು. ದೇವರಿಗಿಂತ ದುಡಿಮೆ ಹೆಚ್ಚೆಂಬ ಉದ್ಧಟತನ ಅದರಲ್ಲಿಲ್ಲ. ದುಡಿಮೆಯನ್ನು ಬದಿಗೊತ್ತಿದ ಪೂಜೆ ದೇವರಿಗೂ ಬೇಡ ಎಂಬ ಧೈರ್ಯವಿದೆ.

ಆ ಅಳತೆಗೋಲಿನಲ್ಲಿ ಇಂದಿನ ಆಚರಣೆ ಸೋಲುತ್ತದೆ. ಉಪಕರಣಕ್ಕೆ ಕೈಮುಗಿದು, ಅದನ್ನು ಹಿಡಿದ ಕೈಯನ್ನು ಮರೆಯುತ್ತೇವೆ. ನಡುರಸ್ತೆಯಲ್ಲಿ ಬೂದುಗುಂಬಳ ಒಡೆದು ಹೊರಟುಬಿಡುತ್ತೇವೆ. ಅದರ ಲೋಳೆಯ ಮೇಲೆ ಬೈಕುಗಳು ಜಾರುತ್ತವೆ, ಮರುದಿನ ಬಾಳೆಕಂಬ, ಹೂವು, ಚೂರುಗಳನ್ನೆಲ್ಲ ಬಾಚುವುದು ಪೌರಕಾರ್ಮಿಕರು. ಚರಂಡಿ ಹೀರುವ ಲಾರಿಗೂ ಅಂದು ಮಾಲೆ ಬೀಳುತ್ತದೆ. ಮಲ ಹೊರುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದ್ದರೂ ಮ್ಯಾನ್‌ಹೋಲಿಗಿಳಿದು ಉಸಿರುಗಟ್ಟಿ ಸಾಯುವುದು ಮಾತ್ರ ನಿಂತಿಲ್ಲ. ಲಾರಿಗೆ ಸಿಕ್ಕ ಗೌರವ ಮನುಷ್ಯನಿಗೆ ಸಿಗದ ಪೂಜೆಯನ್ನು ನಾನು ಅಪೂರ್ಣವೆನ್ನುತ್ತೇನೆ.

ಆಯುಧಪೂಜೆ ನಿಲ್ಲಬಾರದು, ಅದರ ಗ್ಯಾರೇಜಿನ ರೂಪ ಎಲ್ಲೆಡೆ ಹಬ್ಬಬೇಕು. ಈ ನವಮಿಗೆ ಕುಂಬಳಕಾಯಿ ಒಡೆದವರು ಚೂರುಗಳನ್ನು ತಾವೇ ಎತ್ತಲಿ. ಕೆಲಸಗಾರರನ್ನು ಇಟ್ಟುಕೊಂಡವರು ಸಿಹಿಯ ಡಬ್ಬಿಯ ಜೊತೆ ಒಳ್ಳೆಯ ಕೈಗವಸನ್ನೂ ಬೂಟನ್ನೂ ಕೊಡಲಿ, ಬಾಕಿ ಸಂಬಳವಿದ್ದರೆ ಹಬ್ಬಕ್ಕೆ ಮೊದಲೇ ಚುಕ್ತಾ ಮಾಡಲಿ.