ಬರ ಕೈಪಿಡಿಯ ಮೂರು ವಾರ

ಕೇಂದ್ರ ಕೃಷಿ ಸಚಿವಾಲಯ 2016ರಲ್ಲಿ ಪರಿಷ್ಕರಿಸಿದ ಬರ ನಿರ್ವಹಣಾ ಕೈಪಿಡಿಗೆ ಅಧಿಕಾರಿಗಳಲ್ಲೂ ಅಂಕಣಕಾರರಲ್ಲೂ ವಿಪರೀತ ಮರ್ಯಾದೆ. ಬೆಳೆಯ ಇಳುವರಿಯನ್ನು ಕಣ್ಣಂದಾಜಿನಲ್ಲಿ ಅಳೆಯುವ ಆಣೆವಾರಿಯನ್ನು ಬದಿಗಿಟ್ಟು ಮಳೆ, ತೇವಾಂಶ, ಉಪಗ್ರಹ ಚಿತ್ರಗಳನ್ನು ಮುಂದೆ ತಂದಿತು ಎಂಬ ಹೊಗಳಿಕೆ ಸುಳ್ಳಲ್ಲ. ಆದರೆ ಜಗಳೂರಿನ ಹೊಲ, ಚನ್ನಗಿರಿಯ ತೋಟ ಎರಡಕ್ಕೂ ಅದು ಸಾಲದು.

ಶುಷ್ಕ ಅವಧಿಯ ಷರತ್ತನ್ನೇ ನೋಡಿ. ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದ ಮೂರು ನಾಲ್ಕು ವಾರಗಳು ಬೆನ್ನಿಗೆ ಬೆನ್ನು ಬರಬೇಕು. ಹಂಗಾಮಿನ ಒಟ್ಟು ಮಳೆ ವಾಡಿಕೆಯಷ್ಟೇ ಇದ್ದ ತಾಲ್ಲೂಕಿಗೆ ಬರದ ಪಟ್ಟಿಯತ್ತ ಇರುವ ದಾರಿ ಇದೊಂದೇ. ಆದರೆ ಎಳೆ ಪೈರಿಗೂ ಸೂಲಂಗಿ ಹೊಡೆದ ಪೈರಿಗೂ ಅದೇ ಮೂರು ವಾರ! ಜಗಳೂರಿನ ಮೆಕ್ಕೆಜೋಳಕ್ಕೆ ಸೂಲಂಗಿಯ ಹೊತ್ತಿನಲ್ಲಿ ಎರಡು ವಾರ ಹಸಿ ತಪ್ಪಿದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ. ಮೂರನೇ ವಾರ ಹದ ಮಳೆ ಬಿದ್ದರೆ ದಂಟು ಹಸಿರಾಗುತ್ತದೆ, ತೆನೆ ಮಾತ್ರ ಬೊಕ್ಕ. ಕೈಪಿಡಿಯ ಎಣಿಕೆಯೋ, ಆ ಒಂದು ಮಳೆಗೆ ಮತ್ತೆ ಸೊನ್ನೆ. ಉಪಗ್ರಹಕ್ಕೂ ಕಾಣುವುದು ಹಸಿರು ದಂಟೇ. ಹೊಲಕ್ಕಿಳಿದು ನೋಡುವ ವ್ಯವಸ್ಥೆ ಇಲ್ಲವೆ ಎಂದು ಕೈಪಿಡಿಯ ಅಭಿಮಾನಿಗಳು ಕೇಳಬಹುದು. ಇದೆ, ಶೇ 10ರಷ್ಟು ಹಳ್ಳಿಗಳಲ್ಲಿ. ಅದೂ ಮೊದಲೆರಡು ಹಂತ ದಾಟಿದ ತಾಲ್ಲೂಕಿಗೆ! ಸಂಶಯ ಬಂದಾಗ ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗಿಟ್ಟರೆ ಬೊಕ್ಕ ತೆನೆ ಸುಲಿದು ನೋಡುವವರು ಯಾರು?

ಚನ್ನಗಿರಿಯ ಅಡಿಕೆಗಂತೂ ಕೈಪಿಡಿಯ ಪಂಚಾಂಗವೇ ಹೊಂದದು. ಮುಂಗಾರು ಬರವನ್ನು ಅಕ್ಟೋಬರ್ ಅಂತ್ಯದೊಳಗೆ ಘೋಷಿಸಬೇಕು, ಹಿಂಗಾರಿನದಕ್ಕೆ ಮಾರ್ಚ್ ಅಂತ್ಯದ ಗಡುವು. ಬೋರು ಬತ್ತುವುದು, ಹರಳು ಉದುರುವುದು ಅದರಾಚೆಯ ಬಿಸಿಲಿನಲ್ಲಿ. ನಷ್ಟ ಗೊನೆಯಲ್ಲಿ ಕಾಣುವುದು ಮುಂದಿನ ಕೊಯ್ಲಿಗೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡವರ ಖರ್ಚನ್ನು ಯಾವ ಹಂಗಾಮಿಗೆ ಬರೆಯುವುದು?

ಇಷ್ಟಾದರೂ ನಮ್ಮ ವಿಮರ್ಶಕರಿಗೆ ಕೈಪಿಡಿ ಎಂದರೆ ದುಡ್ಡಿನ ಜಗಳ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ರಾಜ್ಯ ಕೇಂದ್ರದಿಂದ ಪರಿಹಾರವಾಗಿ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಸಿಟ್ಟು ನ್ಯಾಯವಾದದ್ದೇ. ಆದರೆ ಇಡೀ ಚರ್ಚೆ ದೆಹಲಿ ಕೊಟ್ಟಿತೇ, ಬೆಂಗಳೂರು ಕೇಳಿತೇ ಎಂಬಲ್ಲೇ ತಿರುಗಿತು. ಎಷ್ಟು ಕೋಟಿ ಎಂದು ಕೇಳಿದವರಲ್ಲಿ ಎಷ್ಟು ಮಂದಿ ಆ ಮೂರು ವಾರದ ಷರತ್ತನ್ನು ಓದಿದ್ದರು? ಇನ್ನೊಂದು ಪಂಗಡಕ್ಕೆ ಆಣೆವಾರಿಯೇ ವಾಪಸ್ ಬೇಕಂತೆ. ಆ ಅಂದಾಜು ಯಾರ ಜಗುಲಿಯಲ್ಲಿ ಕೂತು ಬರೆದದ್ದು ಎಂಬುದನ್ನು ಈ ಮಹನೀಯರು ಹಳಬರನ್ನು ಕೇಳಲಿ.

ತಿದ್ದುಪಡಿಗೆ ಹೊಸ ವಿಜ್ಞಾನವೇನೂ ಬೇಡ. 1988ರಲ್ಲೇ ಬರ ನಿಗಾ ಕೋಶ ಕಟ್ಟಿದ ರಾಜ್ಯವಿದು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ. ಬಿತ್ತನೆಯ ದಿನವನ್ನು ಆ ಲೆಕ್ಕಕ್ಕೆ ಜೋಡಿಸಿದರೆ ಪೈರು ಯಾವ ಹಂತದಲ್ಲಿ ಒಣಗಿತು ಎಂಬುದು ಕಚೇರಿಯಲ್ಲೇ ತಿಳಿಯುತ್ತದೆ. ಸೂಲಂಗಿಯ ಹೊತ್ತಿಗೆ ಎರಡು ವಾರ ಸಾಕು ಎಂದು ಬರೆಯಬೇಕು, ಅಡಿಕೆಗೆ ಮೇ ತಿಂಗಳವರೆಗೂ ಗಡುವು ಕೊಡಬೇಕು.